ಎರಡು ಸೀಟಿ

ಏಳೂ ಹತ್ತರ ಕಾರವಾರ–ಅಂಕೋಲಾ ಆರ್ಡಿನರಿ.
ಬೈತಖೋಲದಲ್ಲಿ ಮೊದಲು ಬುಟ್ಟಿಗಳು ಹತ್ತುತ್ತವೆ,
ಬುಟ್ಟಿಗಳ ಹಿಂದೆ ಹೆಂಗಸರು.
ಎಲ್ಲರಿಗೂ ಸೊನ್ನೆ ರೂಪಾಯಿಯ ಟಿಕೇಟು.
ಮಶೀನು ಒತ್ತುತ್ತೇನೆ,
ಅದು ಕಾಗದದ ನಾಲಿಗೆ ಚಾಚುತ್ತದೆ.

ಆಗಲೇ ಬರುವುದು ಅದು.
ಸುರಂಗದ ಬಾಯಿಗೆ ಬಸ್ಸು ಹೊಕ್ಕ ಗಳಿಗೆ
ಎದೆಯ ನಡುವೆ ಯಾರೋ ಒಲೆ ಊದಿದಂತೆ,
ಕುತ್ತಿಗೆ, ಕಿವಿ, ನೆತ್ತಿ.
ಖಾಕಿ ಬೆನ್ನಿಗಂಟಿ
ಚಿಲ್ಲರೆ ಎಣಿಸುತ್ತಿದ್ದವಳಿಗೆ
ಏಳರ ಮುಂದೆ ಯಾವ ಅಂಕಿ ಎಂಬುದೇ ಮರೆತು.
ವೇಬಿಲ್ಲಿನಿಂದ ಗಾಳಿ ಹಾಕಿಕೊಂಡರೆ
ಹಿಂದಿನ ಸಾಲಿನ ಐಟಿಐ ಹುಡುಗರು
ಡಿಸೆಂಬರಿನಲ್ಲೂ ಸೆಕೆಯಾ ಅಕ್ಕೋರೆ ಅನ್ನುತ್ತಾರೆ.
ಹೌದಪ್ಪ, ಸೆಕೆ.
ನಲವತ್ತೇಳರ ಸೆಕೆ.

ಸೆಕೆಯನ್ನಾದರೂ ಹೇಳಬಹುದು.
ಬಸ್ಸಾದರೆ ಒಂದು ಸೀಟಿಗೆ ನಿಲ್ಲುತ್ತದೆ,
ಇನ್ನೊಂದು ಇದೆಯಲ್ಲ, ಅದು ಯಾರ ಸೀಟಿಯನ್ನೂ ಕೇಳುವುದಿಲ್ಲ.
ಹದಿನೇಳು ದಿನಕ್ಕೆ ಬಂತು, ಐವತ್ತೆರಡಕ್ಕೆ ಬಂತು,
ಬಂದದ್ದು ಹನ್ನೊಂದು ದಿನ ಕೂತಿತು
ಹೊರಡುವ ಮಾತೆತ್ತದ ನೆಂಟನ ಹಾಗೆ.
ಸ್ಟ್ಯಾಂಡಿನ ಪಾಯಖಾನೆಗೆ ಚಿಲಕವಿಲ್ಲ.
ಡ್ರೈವರ್ ಬೀರಣ್ಣ ಏನೂ ಕೇಳದೆ
ಎರಡು ನಿಮಿಷ ಹೆಚ್ಚಿಗೆ ಬೀಡಿ ಸೇದುತ್ತಾನೆ.
ಕ್ಯಾಶಿನ ಚೀಲವನ್ನು ಪಕ್ಕದಿಂದ ಹಿಂದಕ್ಕೆ ಸರಿಸಿ
ಕಲೆಯ ಮೇಲೆ ಇಳಿಬಿಟ್ಟುಕೊಂಡು
ಇಡೀ ಟ್ರಿಪ್ಪು ಕಂಬಿಗೆ ಒರಗಿ ನಿಂತಿದ್ದೇನೆ.

ಅಮ್ಮ ಅಂದಳು, ನಿಲ್ಲುವ ಕಾಲ, ಸುಮ್ಮನಿರು.
ಸುಮ್ಮನಿದ್ದೆ,
ಹಿಮೋಗ್ಲೋಬಿನ್ ಏಳೂವರೆಗೆ ಇಳಿಯುವ ತನಕ.

ಡಾಕ್ಟರ್ ಲೊರ್ನಾ ಅವಸರ ಮಾಡಲಿಲ್ಲ.
ಸ್ಕ್ಯಾನು, ಥೈರಾಯ್ಡು, ಒಳಗಿನದೊಂದು ಚೂರು ಹುಬ್ಬಳ್ಳಿಗೆ.
ಆ ಒಂಬತ್ತು ದಿನ ಯಾರಿಗೂ ಸರಿ ಚಿಲ್ಲರೆ ಕೊಟ್ಟಿಲ್ಲ ನಾನು.
ಏನಿಲ್ಲ ಎಂದು ಬಂತು.
ಆಮೇಲೆ, ಮನೆಯಲ್ಲಿ ಯಾರಿಗಾದರೂ ಎದೆಯಲ್ಲಿ ಗಂಟು?
ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟಾ? ಬಿಪಿ?
ಪೆನ್ನಿನ ತುದಿಯಿಂದ ನನ್ನ ಅಜ್ಜಿಯರನ್ನೆಲ್ಲ ಎಬ್ಬಿಸಿ ಕೇಳಿದರು.
ಕೊನೆಗೆ ಬರೆದದ್ದು ಎರಡೇ ಸಾಲು:
ರಾತ್ರಿ ಒಂದು ಕ್ಯಾಪ್ಸೂಲು,
ಬೆಳಿಗ್ಗೆ ತೋಳಿಗೆ ಜೆಲ್ಲು, ಎರಡು ಒತ್ತು.

ಹಾರ್ಮೋನಾ? ಬೇಡವೇ ಮಾರಾಯ್ತಿ, ಕ್ಯಾನ್ಸರ್ ಬರ್ತದೆ,
ಡಿಪೋದ ಸುಗಂಧಿ ಕಣ್ಣರಳಿಸಿದಳು.
ಅದನ್ನೂ ಕೇಳಿಯೇ ಬಂದಿದ್ದೆ.
ಡಾಕ್ಟರು ಹೌದು ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ,
ಎಷ್ಟು ಜನರಲ್ಲಿ ಎಷ್ಟು ಎಂದು
ಕಾಗದದ ಮೇಲೆ ಚುಕ್ಕೆ ಇಟ್ಟು ತೋರಿಸಿದರು.
ದಿನವೂ ತಲೆ ಎಣಿಸುವವಳು,
ಚುಕ್ಕೆ ಎಣಿಸಲಾರೆನೇ.

ಈಗ ಬೆಳಗಿನ ಐದಕ್ಕೆ, ದೀಪ ಹಾಕದೆ,
ತೋಳು ಚಾಚಿ ನಿಲ್ಲುತ್ತೇನೆ.
ತಣ್ಣಗೆ. ಸ್ಪಿರಿಟ್ಟಿನ ವಾಸನೆ.
ಗೋಡೆಯ ಹಲ್ಲಿ ನೋಡುತ್ತದೆ.
ಆರುವ ಮೊದಲು ಯಾರೂ ಮುಟ್ಟಬಾರದಂತೆ.
ಮುಟ್ಟಬಾರದು!
ಹನ್ನೆರಡನೆಯ ವಯಸ್ಸಿನಿಂದ ಕೇಳಿದ ಮಾತು
ಕಡೆಗೂ ಐದು ನಿಮಿಷಕ್ಕೆ ಇಳಿದಿದೆ.

ಮೂರನೆಯ ತಿಂಗಳು. ಪವಾಡವೇನಲ್ಲ.
ಮೊದಮೊದಲು ಎದೆ ಭಾರ, ನಡುವೆ ಒಂದೆರಡು ಹನಿ.
ಝಳ ವಾರಕ್ಕೊಮ್ಮೆ ಈಗಲೂ ಹಣಿಕುತ್ತದೆ
ಅವಧಿ ಮುಗಿದ ಪಾಸು ತೋರಿಸುವವನಂತೆ.
ಆದರೆ ನಿದ್ದೆ ಬಂದಿದೆ.
ನಿದ್ದೆ!

ಇವತ್ತು ಬಂತು, ಸುರಂಗದಲ್ಲಿಯೇ.
ಗೋಣಿ ಸರಿಸಿ ಶೇವಂತಿ ಹರಿಕಂತ್ರ
ಬಂಗಡೆ ವಾಸನೆಯ ಬರ್ಫದ ತುಂಡೊಂದನ್ನು
ನನ್ನ ಕತ್ತಿನ ಹಿಂದೆ ಇಟ್ಟಳು. ಕೇಳಲಿಲ್ಲ. ಇಟ್ಟಳು.
ನೀರು ಬೆನ್ನಿನಗುಂಟ ಇಳಿಯಿತು.
ಆ ಸದ್ದಿನಲ್ಲಿ ಕೂಗಿಯೇ ಹೇಳಿದೆ ಜೆಲ್ಲಿನ ಸುದ್ದಿ.

"ನಂಗೂ ಹೀಂಗೇ ಹೋಗ್ತಿತ್ತೆ ತಂಗಿ, ಮೂವತ್ತೆಂಟಕ್ಕೆ.
ಚೀಲವೇ ತೆಗೆದುಬಿಟ್ರು.
ತೋಳಿಗೆ ಹಚ್ಚೂದು ಇತ್ತಾ ಆಗ?"

ನನ್ನ ಸೊಂಟದ ಚೀಲದಲ್ಲಿ ನಾಣ್ಯ ಅಲುಗಿದವು.
ಬೇರೆ ಏನಾದರೂ ಇತ್ತೇನೋ. ಹೇಳಲಿಲ್ಲ.
ಬೆಳಕು ಬಂತು, ಬಿಣಗಾ.

ಅವರ್ಸೆಯಲ್ಲಿ ಇಳಿದಳು.
ಬುಟ್ಟಿಗೆ ಲಗೇಜು ಹತ್ತು ರೂಪಾಯಿ,
ಬರ್ಫಕ್ಕೆ ಇಲ್ಲ.
ತುಟಿಗೆ ಸೀಟಿ ಇಟ್ಟವಳು,
ಅವಳು ಸಿಂಬೆ ಸರಿಮಾಡಿ, ಬುಟ್ಟಿ ತಲೆಗೇರಿಸಿ,
ರಸ್ತೆ ದಾಟುವ ತನಕ ಊದಲಿಲ್ಲ.
ಬೀರಣ್ಣ ಕನ್ನಡಿಯಲ್ಲಿ ನೋಡಿದ.

ಆಮೇಲೆ ಊದಿದೆ,
ಎರಡು.